ಯುದ್ಧನೌಕೆಯ ಟರ್ಬೈನೂ ಬಯಲುನಾಡಿನ ಕುಶಲಕರ್ಮಿಯೂ

೧

ಹುನಗುಂದದ ಸೀಮೆಗೆ ಸೇರಿದ ಐಹೊಳೆಯಲ್ಲಿ, ಮೇಗುತಿಯೆಂದು ಹೆಸರಾದ ಗುಡ್ಡದ ಬಸದಿಯ ಗೋಡೆಯ ಮೇಲೆ, ಶಕವರ್ಷ ೫೫೬ರಲ್ಲಿ, ಎಂದರೆ ಕ್ರಿಸ್ತಶಕ ೬೩೪ರ ಸುಮಾರಿನಲ್ಲಿ, ರವಿಕೀರ್ತಿಯೆಂಬ ಕವಿ ರಚಿಸಿದ ಸಂಸ್ಕೃತ ಪ್ರಶಸ್ತಿಯನ್ನು ಓದಿದವರಿಗೆ ಒಂದು ಸಂಗತಿ ವಿಸ್ಮಯವನ್ನುಂಟುಮಾಡದೆ ಇರದು. ಕಡಲು ಕಣ್ಣಿಗೆ ಬೀಳದ, ಮಳೆಯೂ ಲೆಕ್ಕವಿಟ್ಟು ಸುರಿಯುವ ಈ ಒಳನಾಡಿನಲ್ಲಿ ನಿಂತು ಆ ಕವಿಯು ತನ್ನ ಒಡೆಯರ ನೌಕಾಬಲವನ್ನು ಕೊಂಡಾಡಿದ್ದಾನೆ: ಮಂಗಳೇಶನು ರೇವತೀದ್ವೀಪವನ್ನು ಗೆದ್ದುದನ್ನೂ, ಇಮ್ಮಡಿ ಪುಲಕೇಶಿಯು ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿಯೆಂಬ ಪಟ್ಟಣವನ್ನು ಮುತ್ತಿದುದನ್ನೂ ಅಲ್ಲಿ ಹೇಳಿದ್ದಾನೆ. ಅದೇ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘವು ಮುಂದೆ ಕಡಲಾಚೆಗೂ ವ್ಯವಹಾರವನ್ನು ಹಬ್ಬಿಸಿತು. ಸುಮಾತ್ರಾದ್ವೀಪದ ಬಾರೂಸಿನ ಬಳಿ ದೊರೆತ ೧೦೮೮ರ ತಮಿಳು ಶಾಸನವೊಂದು ಐನೂರ್ವರನ್ನು ಹೆಸರಿಸುತ್ತದೆ.

ಈ ಹಳೆಯ ಮಾತನ್ನು ಎತ್ತಿದುದು ಪೂರ್ವವೈಭವವನ್ನು ಹಾಡಿ ತೃಪ್ತಿಪಡುವುದಕ್ಕಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆಯ ತರುಣನು ಐ.ಟಿ.ಐ. ಮುಗಿಸಿ ಕೆಲಸವನ್ನು ಅರಸುವಾಗ, ಕಾರವಾರದ ನೌಕಾ ದುರಸ್ತಿ ಅಂಗಳವಾಗಲಿ, ಬೆಂಗಳೂರಿನ ಸಾಗರ ಟರ್ಬೈನು ವಿಭಾಗವಾಗಲಿ, ಅವನ ಎಣಿಕೆಯಲ್ಲಿ ಬರುವುದು ವಿರಳ. ಹಡಗಿನ ಕೆಲಸವೆಂದರೆ ಕಡಲಿನವರ ಕೆಲಸ, ಈಜು ಬಲ್ಲವರ ಕೆಲಸ, ಅಲೆಯ ಏರಿಳಿತಕ್ಕೆ ಹುಟ್ಟಿನಿಂದ ಒಗ್ಗಿದವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಯುದ್ಧನೌಕೆಗಳ ಟರ್ಬೈನು ಯಂತ್ರಗಳನ್ನು ಪರೀಕ್ಷಿಸಿ ದುರಸ್ತಿಮಾಡುವ ಕಸುಬು ಎಂತಹುದು, ಅದು ತನ್ನ ಕರ್ಮಿಯಿಂದ ಯಾವ ಗುಣಗಳನ್ನು ಬೇಡುತ್ತದೆ, ಅವುಗಳನ್ನು ಎಲ್ಲಿ ಕಲಿಯಬಹುದು, ಒಳನಾಡಿನವರಿಗೆ ಅದರಲ್ಲಿ ಪಾಲು ಉಂಟೇ ಎಂಬ ಪ್ರಶ್ನೆಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಆ ಭಾವನೆಗೆ ಆಧಾರವೆಷ್ಟು ಎಂಬುದು ತಾನಾಗಿಯೇ ಗೋಚರವಾದೀತು.

೨

ಟರ್ಬೈನಿನ ತತ್ತ್ವ ಸರಳವಾದುದು. ಒತ್ತಡದಲ್ಲಿರುವ ಉಗಿಯನ್ನೋ, ಉರಿದು ಹಿಗ್ಗಿದ ಅನಿಲವನ್ನೋ ಸಾಲುಸಾಲಾಗಿ ಜೋಡಿಸಿದ ಅಲಗುಗಳ ಮೇಲೆ ಹಾಯಿಸಿದರೆ, ಅದರ ಶಕ್ತಿ ಇಳಿಯುತ್ತ ಹೋದಂತೆ ಅಲಗುಗಳನ್ನು ಹೊತ್ತ ರೋಟರು ತಿರುಗುತ್ತದೆ. ಆ ತೀವ್ರಗತಿಯನ್ನು ಗೇರುಗಳ ಮೂಲಕ ತಗ್ಗಿಸಿ ಪ್ರೊಪೆಲರಿಗೆ ಒಪ್ಪಿಸಿದರೆ ಹಡಗು ಚಲಿಸುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ ೧೮೮೪ರಲ್ಲಿ ಉಪಯುಕ್ತವಾದ ಉಗಿ ಟರ್ಬೈನನ್ನು ನಿರ್ಮಿಸಿದನು. ೧೮೯೭ರಲ್ಲಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ನೌಕಾಪ್ರದರ್ಶನದಲ್ಲಿ, ಅವನ ‘ಟರ್ಬಿನಿಯಾ’ ಎಂಬ ಪುಟ್ಟ ಹಡಗು ಯಾರ ಅಪ್ಪಣೆಯನ್ನೂ ಕಾಯದೆ ಮಹಾನೌಕೆಗಳ ಸಾಲುಗಳ ನಡುವೆ ೩೪ ನಾಟ್ ವೇಗದಲ್ಲಿ ಓಡಾಡಿ ಅಧಿಕಾರಿಗಳನ್ನು ಬೆರಗುಗೊಳಿಸಿತು. ಒಂಬತ್ತು ವರ್ಷಗಳ ತರುವಾಯ, ೧೯೦೬ರಲ್ಲಿ, ಟರ್ಬೈನಿನಿಂದಲೇ ಚಲಿಸುವ ‘ಡ್ರೆಡ್‌ನಾಟ್’ ಯುದ್ಧನೌಕೆ ಬಂದ ಮೇಲೆ ಹಳೆಯ ಪಿಸ್ಟನ್ ಯಂತ್ರಗಳ ಕಾಲ ಮುಗಿಯಿತೆಂದೇ ಹೇಳಬೇಕು. ಅನಿಲ ಟರ್ಬೈನು ಕಡಲಿಗೆ ಇಳಿದುದು ೧೯೪೭ರಲ್ಲಿ, ಬ್ರಿಟಿಷರ ಒಂದು ಸಣ್ಣ ಬಂದೂಕುದೋಣಿಯಲ್ಲಿ.

ನಮ್ಮ ನೌಕಾಸೇನೆಯಲ್ಲಿ ಈ ಎರಡು ವಂಶಗಳೂ ಒಂದರ ಪಕ್ಕದಲ್ಲೊಂದು ಬೆಳೆದುವು. ೧೯೬೧ರಲ್ಲಿ ಸೇವೆಗೆ ಬಂದ ಮೊದಲ ‘ವಿಕ್ರಾಂತ’ ಉಗಿಯ ಹಡಗು. ಮುಂಬಯಿಯ ಮಜಗಾಂವ್ ಡಾಕಿನಲ್ಲಿ ಕಟ್ಟಿ ೧೯೭೨ರಲ್ಲಿ ನೌಕಾಸೇನೆಗೆ ಒಪ್ಪಿಸಿದ ‘ನೀಲಗಿರಿ’ಯೂ, ಅದರ ಸೋದರ ಫ್ರಿಗೇಟುಗಳೂ ಉಗಿಯವೇ. ಅಷ್ಟರಲ್ಲಿ, ೧೯೬೮ರಿಂದಲೇ, ಸೋವಿಯತ್ ದೇಶದಿಂದ ಬಂದ ‘ಕಮೋರ್ತಾ’ ಮೊದಲಾದ ಚಿಕ್ಕ ನೌಕೆಗಳು ಅನಿಲ ಟರ್ಬೈನನ್ನು ನಮ್ಮವರಿಗೆ ಪರಿಚಯಿಸಿದ್ದುವು. ೧೯೮೦ರಲ್ಲಿ ಬಂದ ‘ರಾಜಪೂತ’ವು ನಾಲ್ಕು ಅನಿಲ ಟರ್ಬೈನುಗಳಿಂದಲೇ ನಡೆಯುತ್ತಿದ್ದ ವಿನಾಶಕ ನೌಕೆ. ಮುಂದೆ ೨೦೧೦ರ ‘ಶಿವಾಲಿಕ’ದಲ್ಲಿಯೂ, ೨೦೨೨ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ ಹೊಸ ‘ವಿಕ್ರಾಂತ’ದಲ್ಲಿಯೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಲ್‌ಎಂ-೨೫೦೦ ಯಂತ್ರಗಳು ನೆಲೆಗೊಂಡುವು. ಉಗಿಯ ವಂಶವಾದರೂ ಅಳಿಯಲಿಲ್ಲ: ೨೦೧೩ರಲ್ಲಿ ರಷ್ಯದಲ್ಲಿ ಸೇವೆಗೆ ಸೇರಿ ಕಾರವಾರವನ್ನು ತನ್ನ ನೆಲೆಯಾಗಿಸಿಕೊಂಡ ‘ವಿಕ್ರಮಾದಿತ್ಯ’ವು ಎಂಟು ಬಾಯ್ಲರುಗಳ ಉಗಿಯಿಂದ ನಡೆಯತಕ್ಕ ಹಡಗು. ಹೀಗಾಗಿ ಭಾರತದ ನೌಕಾ ಟರ್ಬೈನು ತಂತ್ರಜ್ಞರ ಸಮುದಾಯವು ಶತಮಾನದಷ್ಟು ಹಳೆಯ ವಿದ್ಯೆಯೊಂದನ್ನೂ, ವಿಮಾನಶಾಸ್ತ್ರದಿಂದ ಇಳಿದುಬಂದ ಹೊಸ ವಿದ್ಯೆಯೊಂದನ್ನೂ ಏಕಕಾಲದಲ್ಲಿ ಪೋಷಿಸಬೇಕಾಗಿದೆ.

೩

ಉಗಿ ಟರ್ಬೈನಿನ ಪರೀಕ್ಷೆಯನ್ನು ಮೊದಲು ನೋಡೋಣ. ಏಕೆಂದರೆ ಕಸುಬಿನ ಮೂಲಪಾಠಗಳೆಲ್ಲ ಅಲ್ಲಿಯೇ ಇವೆ. ಹಡಗು ರಿಫಿಟ್ಟಿಗೆ, ಎಂದರೆ ಅಂಗಳದ ದೊಡ್ಡ ದುರಸ್ತಿಗೆ, ಬಂದಾಗ ತಂತ್ರಜ್ಞನು ಸ್ಪ್ಯಾನರನ್ನು ಹಿಡಿದು ನೇರವಾಗಿ ಯಂತ್ರದ ಮೇಲೆ ಬೀಳುವುದಿಲ್ಲ. ಅದು ಓಡುತ್ತಿದ್ದಾಗಿನ ಕಂಪನದ ಅಂಕಿಗಳು, ಬೇರಿಂಗುಗಳ ಉಷ್ಣಾಂಶ, ಕಂಡೆನ್ಸರಿನ ನಿರ್ವಾತ, ಎಣ್ಣೆಯ ಒತ್ತಡ ಇವುಗಳ ದಾಖಲೆಯನ್ನು ಓದಿ, ಹಿಂದಿನ ವರ್ಷಗಳ ದಾಖಲೆಯೊಡನೆ ಹೋಲಿಸಿ, ರೋಗವು ಎಲ್ಲಿರಬಹುದೆಂದು ಮೊದಲು ಮನಸ್ಸಿನಲ್ಲಿಯೇ ಗುರುತಿಸಿಕೊಳ್ಳುತ್ತಾನೆ. ಉಗಿಯನ್ನು ನಿಲ್ಲಿಸಿದ ಮೇಲೆ ರೋಟರು ತಾನಾಗಿ ನಿಶ್ಚಲವಾಗುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬ ಒಂದೇ ಅಂಕಿಯು ಕೂಡ ಅವನಿಗೆ ಬಹಳವನ್ನು ಹೇಳುತ್ತದೆ: ಆ ಕಾಲ ಹಿಂದಿಗಿಂತ ಕಡಮೆಯಾಗಿದ್ದರೆ ಒಳಗೆ ಎಲ್ಲಿಯೋ ಉಜ್ಜಾಟವುಂಟು.

ಬಳಿಕ ಅಳತೆಯ ಕೆಲಸ. ಬೇರಿಂಗಿಗೂ ದಂಡಕ್ಕೂ ನಡುವಣ ತೆರಪನ್ನು ಸೀಸದ ತಂತಿಯನ್ನಿಟ್ಟು ಅಮುಕಿ, ಚಪ್ಪಟೆಯಾದ ತಂತಿಯ ದಪ್ಪವನ್ನು ಮೈಕ್ರೊಮೀಟರಿನಿಂದ ನೋಡುತ್ತಾರೆ. ರೋಟರು ಉದ್ದಕ್ಕೆ ಎಷ್ಟು ಆಡುತ್ತದೆಂಬುದನ್ನು ಡಯಲ್ ಗೇಜಿನಿಂದ ತಿಳಿಯುತ್ತಾರೆ. ಅಲಗಿನ ತುದಿಗೂ ಕವಚಕ್ಕೂ ಇರುವ ಅಂತರವನ್ನು ಫೀಲರ್ ಗೇಜಿನ ತೆಳು ಪಟ್ಟಿಗಳಿಂದ ಸುತ್ತಲೂ ಪರೀಕ್ಷಿಸುತ್ತಾರೆ. ಈ ತೆರಪುಗಳೆಲ್ಲ ಮಿಲಿಮೀಟರಿನ ನೂರನೆಯ ಪಾಲುಗಳಲ್ಲಿ ಎಣಿಸತಕ್ಕವು. ಮೇಲುಕವಚವನ್ನು ಎತ್ತಬೇಕಾಗಿ ಬಂದಾಗ, ನೇರವಾದ ಮಾರ್ಗದರ್ಶಕ ಕಂಬಗಳನ್ನು ನಿಲ್ಲಿಸಿ, ನಾಲ್ಕು ಮೂಲೆಗಳೂ ಸಮವಾಗಿ ಏಳುತ್ತಿವೆಯೇ ಎಂದು ಅಳೆಯುತ್ತ, ಅಂಗುಲ ಅಂಗುಲವಾಗಿ ಮೇಲಕ್ಕೆತ್ತುತ್ತಾರೆ. ಒಂದು ಮೂಲೆ ಓರೆಯಾದರೂ ಅಲಗುಗಳ ಸಾಲು ಹಾಳಾಗುತ್ತದೆ. ತೆರೆದ ಮೇಲೆ ಕಾಣುವ ಗುರುತುಗಳಿಗೆ ಒಂದೊಂದಕ್ಕೂ ಒಂದೊಂದು ಕಾರಣವುಂಟು. ಮೊದಲ ಸಾಲಿನ ಅಲಗುಗಳ ಮೇಲೆ ಬಿಳಿಯ ಪೊರೆ ಕಟ್ಟಿದ್ದರೆ ಬಾಯ್ಲರಿನ ನೀರಿನ ಲವಣವು ಉಗಿಯೊಡನೆ ಹಾರಿಬಂದಿದೆ. ಕೊನೆಯ ಸಾಲಿನ ಅಲಗುಗಳ ಅಂಚು ಇಲಿ ಕಡಿದಂತೆ ಸವೆದಿದ್ದರೆ ಉಗಿಯು ತಣಿದು ಹನಿಗಟ್ಟಿ ಬಡಿದಿದೆ. ಬೇರಿಂಗಿನ ಬಿಳಿಲೋಹ ಒರೆಸಿಹೋಗಿದ್ದರೆ ಎಣ್ಣೆ ಕಡಮೆಯಾಗಿದೆ, ಇಲ್ಲವೆ ದಂಡದ ಸಾಲು ತಪ್ಪಿದೆ.

ದಂಡದ ಸಾಲು ಕೂಡಿಸುವ ಕೆಲಸವನ್ನು ಇಳಕಲ್ಲಿನವರಿಗೆ ವಿವರಿಸುವುದು ಸುಲಭ. ಸೀರೆಯ ಮೈಹಾಸಿನ ಎಳೆಗಳಿಗೂ ಸೆರಗಿನ ಹಾಸಿನ ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ನೇಕಾರನು ಒಂದೆಳೆ ಬಿಗಿಯಾಗಿ ಒಂದೆಳೆ ಸಡಿಲವಾಗಿ ಬಿಟ್ಟರೆ ಆ ದೋಷವು ನೇಯ್ದ ಬಟ್ಟೆಯಲ್ಲಿ ಹೊರಬೀಳುವಂತೆ, ಟರ್ಬೈನು, ಗೇರ್‌ಬಾಕ್ಸು, ಪ್ರೊಪೆಲರಿನ ದಂಡ ಇವುಗಳ ಕೂಡುವಿಕೆಯಲ್ಲಿ ಉಳಿದ ಅಲ್ಪ ವಕ್ರತೆಯೂ ಸಾವಿರಾರು ಸುತ್ತುಗಳಲ್ಲಿ ಬೆಳೆದು ಕಂಪನವಾಗಿ ಪ್ರಕಟವಾಗುತ್ತದೆ. ವ್ಯತ್ಯಾಸವಿಷ್ಟೆ: ಹಡಗು ನೀರಿನ ಮೇಲಿರುವಾಗ ಅದರ ಒಡಲು ಬಾಗುವ ರೀತಿ ಬೇರೆ, ಒಣ ಡಾಕಿನಲ್ಲಿ ಕುಳಿತಾಗ ಬಾಗುವ ರೀತಿ ಬೇರೆ, ಯಂತ್ರವು ತಣ್ಣಗಿದ್ದಾಗಿನ ಎತ್ತರ ಬೇರೆ, ಕಾದು ಹಿಗ್ಗಿದಾಗಿನ ಎತ್ತರ ಬೇರೆ. ತಣ್ಣನೆಯ ಸ್ಥಿತಿಯಲ್ಲಿ ಬೇಕೆಂದೇ ಲೆಕ್ಕದ ಅಂತರವನ್ನು ಉಳಿಸಿ, ಕಾದಾಗ ಅದು ಸರಿಹೋಗುವಂತೆ ಕೂಡಿಸುವುದೇ ಕುಶಲತೆ.

ಗೇರ್‌ಬಾಕ್ಸಿನ ವಿಷಯದಲ್ಲಂತೂ ಶಿಸ್ತು ಧರ್ಮಾಚರಣೆಯಷ್ಟು ಕಠಿಣವಾದುದು. ಅದರ ಮುಚ್ಚಳಗಳಿಗೆ ಬೀಗವಿರುತ್ತದೆ. ಬೀಗದ ಕೈ ಹೊಣೆಗಾರ ಅಧಿಕಾರಿಯ ಬಳಿಯಲ್ಲಿರುತ್ತದೆ. ಒಳಗೆ ಬಗ್ಗಿ ನೋಡುವವನು ಜೇಬುಗಳನ್ನು ಬರಿದುಮಾಡಿ, ಉಂಗುರ, ಗಡಿಯಾರ, ಲೇಖನಿಗಳನ್ನು ತೆಗೆದಿಟ್ಟು, ಒಳಗೆ ಕೊಂಡೊಯ್ಯುವ ಪ್ರತಿಯೊಂದು ಹತ್ಯಾರವನ್ನೂ ಬರೆಯಿಸಿ, ಹಿಂದಿರುಗುವಾಗ ಎಣಿಸಿ ಒಪ್ಪಿಸಬೇಕು. ಮರೆತುಬಿಟ್ಟ ಒಂದು ತಿರುಪು ಹಲ್ಲುಗಳ ನಡುವೆ ಸಿಲುಕಿದರೆ ಹಡಗು ತಿಂಗಳುಗಟ್ಟಲೆ ಬಂದರಿನಲ್ಲಿಯೇ ನಿಲ್ಲಬೇಕಾದೀತು.

೪

ಅನಿಲ ಟರ್ಬೈನಿನದು ಬೇರೆಯ ಪ್ರಕೃತಿ. ಎಲ್‌ಎಂ-೨೫೦೦ ಮೂಲತಃ ವಿಮಾನದ ಯಂತ್ರದಿಂದ ಹುಟ್ಟಿದುದು. ಹದಿನಾರು ಹಂತಗಳ ಕಂಪ್ರೆಸರು ಹೊರಗಿನ ಗಾಳಿಯನ್ನು ಒತ್ತಿ ಉರಿಯ ಕೋಶಕ್ಕೆ ತುಂಬುತ್ತದೆ, ಉರಿದ ಅನಿಲವು ಎರಡು ಹಂತಗಳ ಟರ್ಬೈನನ್ನು ತಿರುಗಿಸಿ ಆ ಕಂಪ್ರೆಸರನ್ನೇ ನಡೆಸುತ್ತದೆ, ಉಳಿದ ಶಕ್ತಿಯು ಆರು ಹಂತಗಳ ಬೇರೊಂದು ಟರ್ಬೈನಿನ ಮೂಲಕ ಹಡಗಿಗೆ ಸಲ್ಲುತ್ತದೆ. ಬಾಯ್ಲರಿನಲ್ಲಿ ಉಗಿಯೆಬ್ಬಿಸಲು ಗಂಟೆಗಟ್ಟಲೆ ಕಾಯಬೇಕಾದಲ್ಲಿ, ಇದು ಕೆಲವೇ ನಿಮಿಷಗಳಲ್ಲಿ ಪೂರ್ಣಶಕ್ತಿಗೆ ಏರುತ್ತದೆ. ಇದರ ದೊಡ್ಡ ದುರಸ್ತಿಯನ್ನು ಹಡಗಿನೊಳಗೆ ಮಾಡುವುದಿಲ್ಲ. ಅನಿಲೋತ್ಪಾದಕ ಭಾಗವನ್ನು ಗಾಳಿಯ ಸುರಂಗದ ಮಾರ್ಗವಾಗಿಯೇ ಹಳಿಗಳ ಮೇಲೆ ಹೊರಗೆಳೆದು, ಸಿದ್ಧವಾಗಿರುವ ಇನ್ನೊಂದನ್ನು ಅಲ್ಲಿ ಕೂಡಿಸಿ, ತೆಗೆದುದನ್ನು ಕಾರ್ಖಾನೆಗೆ ಕಳುಹಿಸುತ್ತಾರೆ. ಆದಕಾರಣ ಹಡಗಿನ ಮೇಲಿನ ತಂತ್ರಜ್ಞನ ಮುಖ್ಯ ಕರ್ತವ್ಯ ದುರಸ್ತಿಗಿಂತ ಹೆಚ್ಚಾಗಿ ರೋಗನಿರ್ಣಯ.

ಆ ನಿರ್ಣಯದ ಪ್ರಧಾನ ಸಾಧನ ಬೋರ್‌ಸ್ಕೋಪು. ಯಂತ್ರದ ಮೈಮೇಲೆ ಅಲ್ಲಲ್ಲಿ ಇರುವ ಸಣ್ಣ ಮುಚ್ಚಳಗಳನ್ನು ಬಿಚ್ಚಿ, ದೀಪವೂ ಮಸೂರವೂ ಉಳ್ಳ ತೆಳ್ಳನೆಯ ನಳಿಕೆಯನ್ನು ಒಳಗೆ ತೂರಿಸಿ, ಒಬ್ಬನು ರೋಟರನ್ನು ಕೈಯಿಂದ ಮೆಲ್ಲಮೆಲ್ಲನೆ ತಿರುಗಿಸುತ್ತಿರುವಾಗ ಇನ್ನೊಬ್ಬನು ಅಲಗುಗಳನ್ನು ಒಂದೊಂದಾಗಿ ನೋಡುತ್ತ ಹೋಗುತ್ತಾನೆ. ಕಂಪ್ರೆಸರಿನ ಅಲಗಿನ ಅಂಚಿನಲ್ಲಿ ನೆಗ್ಗು ಇದೆಯೇ, ಉರಿಯ ಕೋಶದ ತಗಡಿನಲ್ಲಿ ಬಿರುಕು ಹರಿದಿದೆಯೇ, ಬಿಸಿಭಾಗದ ಅಲಗುಗಳ ಮೇಲಿನ ರಕ್ಷಾಲೇಪ ಎದ್ದಿದೆಯೇ, ತಂಪುಗಾಳಿಯ ಸೂಕ್ಷ್ಮರಂಧ್ರಗಳು ಮುಚ್ಚಿವೆಯೇ ಎಂದು ಗಮನಿಸಿ, ಚಿತ್ರ ತೆಗೆದು, ಅಳೆದು, ಕೈಪಿಡಿಯ ಮಿತಿಯೊಡನೆ ತಾಳೆನೋಡುತ್ತಾನೆ. ಮಿತಿಯೊಳಗಿನ ಸಣ್ಣ ನೆಗ್ಗನ್ನು ಅರದಿಂದ ನಯಗೊಳಿಸಿ ಬಿಡಬಹುದು. ಮಿತಿ ಮೀರಿದರೆ ಯಂತ್ರವನ್ನೇ ಇಳಿಸಬೇಕು.

ಸಮುದ್ರದಲ್ಲಿ ಈ ಯಂತ್ರದ ಪರಮಶತ್ರು ಉಪ್ಪು. ಗಾಳಿಯೊಡನೆ ಬರುವ ಉಪ್ಪಿನ ಸೂಕ್ಷ್ಮಕಣಗಳು ಜರಡಿಗಳನ್ನೂ ಹನಿ ತಡೆಯುವ ಜಾಲಗಳನ್ನೂ ನುಸುಳಿ ಕಂಪ್ರೆಸರಿನ ಅಲಗುಗಳಿಗೆ ಅಂಟುತ್ತವೆ. ಅಲಗಿನ ಆಕಾರ ಕೆಟ್ಟು ಶಕ್ತಿ ಕುಗ್ಗುತ್ತದೆ. ಅಲ್ಲಿಂದ ಮುಂದೆ ಹೋದ ಉಪ್ಪಿನ ಸೋಡಿಯಂ ಇಂಧನದ ಗಂಧಕದೊಡನೆ ಕೂಡಿ ಸೋಡಿಯಂ ಸಲ್ಫೇಟ್ ಆಗಿ, ಬಿಸಿಭಾಗದ ಅಲಗುಗಳ ಮೇಲೆ ಕರಗಿದ ಪೊರೆಯಾಗಿ ಹರಡಿ, ನಿಕಲ್ ಮಿಶ್ರಲೋಹದ ರಕ್ಷಾಕವಚವನ್ನೇ ತಿಂದುಹಾಕುತ್ತದೆ. ಇದಕ್ಕೆ ಪರಿಹಾರವಾಗಿ ತಂತ್ರಜ್ಞನು ಯಂತ್ರ ತಣಿದ ಮೇಲೆ ಸ್ಟಾರ್ಟರಿನಿಂದ ಬರಿದೇ ತಿರುಗಿಸುತ್ತ, ಶುದ್ಧ ನೀರನ್ನೂ ಮಾರ್ಜಕವನ್ನೂ ಸಿಂಪಡಿಸಿ ಕಂಪ್ರೆಸರನ್ನು ತೊಳೆಯುತ್ತಾನೆ. ನೋಡುವವರಿಗೆ ನೀರಸವಾದ ಈ ತೊಳೆತವನ್ನು ಕ್ರಮತಪ್ಪದೆ ಮಾಡಿದ ಹಡಗಿಗೂ ಮಾಡದ ಹಡಗಿಗೂ ಯಂತ್ರಾಯುಸ್ಸಿನಲ್ಲಿ ಬಹಳ ಅಂತರವುಂಟು. ಇದರ ಜೊತೆಗೆ, ಎಣ್ಣೆಯ ಹಾದಿಯಲ್ಲಿ ಕೂಡಿಸಿದ ಅಯಸ್ಕಾಂತದ ಬಿರಟೆಗಳನ್ನು ಬಿಚ್ಚಿ, ಅವುಗಳಿಗೆ ಅಂಟಿದ ಲೋಹದ ಪುಡಿಯನ್ನು ನೋಡಿ, ಯಾವ ಬೇರಿಂಗು ಸವೆಯುತ್ತಿದೆಯೆಂದು ಊಹಿಸುವುದೂ, ಹೊರಹೋಗುವ ಅನಿಲದ ಉಷ್ಣಾಂಶ ಸುತ್ತಲೂ ಸಮವಾಗಿದೆಯೇ ಎಂದು ನೋಡಿ, ಉರಿಯು ಯಾವ ಇಂಧನ ನಳಿಕೆಯಲ್ಲಿ ಕೆಟ್ಟಿದೆಯೆಂದು ಹೇಳುವುದೂ ಅವನ ನಿತ್ಯಕರ್ಮಗಳಲ್ಲಿ ಸೇರಿವೆ.

೫

ಈವರೆಗೆ ಹೇಳಿದುದರಿಂದ ಕಸುಬಿನ ಸ್ವರೂಪ ಒಂದು ಮಟ್ಟಿಗೆ ಸ್ಪಷ್ಟವಾಗಿರಬಹುದು. ಅದರ ಸಾರ ಬಾಹುಬಲದಲ್ಲಿಲ್ಲ, ವಿವೇಚನೆಯಲ್ಲಿದೆ. ತೆರೆಯಬೇಕೋ ಬೇಡವೋ ಎಂಬುದೇ ಪ್ರತಿಯೊಂದು ಪರೀಕ್ಷೆಯ ಕೊನೆಗೆ ಎದುರಾಗುವ ಪ್ರಶ್ನೆ. ಅನಾವಶ್ಯಕವಾಗಿ ತೆರೆದ ಯಂತ್ರಕ್ಕೆ ಹೊಸ ದೋಷಗಳು ಸೇರುವ ಸಂಭವವಿದೆ. ತೆರೆಯಬೇಕಾದುದನ್ನು ತೆರೆಯದೆ ಬಿಟ್ಟರೆ ನಡುಗಡಲಿನಲ್ಲಿ ಇನ್ನೂರು ಮುನ್ನೂರು ಜನರ ಪ್ರಾಣ ಅದಕ್ಕೆ ಇಟ್ಟ ಒತ್ತೆಯಾಗುತ್ತದೆ. ಈ ತೀರ್ಮಾನವನ್ನು ಕೈಪಿಡಿಯ ಮಿತಿಗಳು ಅರ್ಧದವರೆಗೆ ಮಾತ್ರ ನಡೆಸಿಕೊಡುತ್ತವೆ. ಉಳಿದರ್ಧವು, ಹಿಂದೆ ಇಂತಹ ಗುರುತನ್ನು ಕಂಡು ಅದು ಮುಂದೆ ಏನಾಯಿತೆಂಬುದನ್ನು ಬಲ್ಲವನ ಅನುಭವದಿಂದ ಬರತಕ್ಕದ್ದು. ಆ ಅನುಭವವು ಒಬ್ಬನೊಡನೆ ಅಳಿಯದೆ ಇನ್ನೊಬ್ಬನಿಗೆ ಸಲ್ಲಬೇಕಾದರೆ ದಾಖಲೆ ಪ್ರಾಮಾಣಿಕವಾಗಿರಬೇಕು. ಅಳೆಯದ ಅಂಕಿಯನ್ನು ಅಳೆದಂತೆ ಬರೆದವನು ತನ್ನ ಮುಂದಿನ ಪಾಳಿಯವನನ್ನು ಮಾತ್ರವಲ್ಲ, ಐದು ವರ್ಷದ ಅನಂತರ ಆ ಪುಟವನ್ನು ತೆರೆಯುವವನನ್ನೂ ವಂಚಿಸಿದಂತಾಯಿತು.

ಅಪಾಯಗಳ ವಿಚಾರವನ್ನು ಮರೆಮಾಚಿ ಕಸುಬನ್ನು ಹೊಗಳುವುದು ಸಲ್ಲದು. ಅತಿತಾಪದ ಉಗಿ ಕಣ್ಣಿಗೆ ಕಾಣುವುದಿಲ್ಲ. ಬಿಳಿಯಾಗಿ ಕಾಣುವ ಹೊತ್ತಿಗೆ ಅದು ತಣಿಯತೊಡಗಿರುತ್ತದೆ. ಆದುದರಿಂದ ಸೋರುವ ಸಂದಿಯ ಬಳಿ ಕಿವಿಯನ್ನು ನಂಬಬೇಕಲ್ಲದೆ ಕಣ್ಣನ್ನಲ್ಲ. ಅನಿಲ ಟರ್ಬೈನಿನ ಕೋಣೆಯಲ್ಲಿ ಬೆಂಕಿ ನಂದಿಸುವುದಕ್ಕೆಂದು ಸಿದ್ಧವಾಗಿರುವ ಅನಿಲವು ಒಳಗಿರುವ ಮನುಷ್ಯನ ಉಸಿರನ್ನೂ ಹಾಗೆಯೇ ನಂದಿಸಬಲ್ಲುದು. ಅದರ ಕವಾಟಕ್ಕೆ ಬೀಗಹಾಕಿ, ಕೆಂಪು ಚೀಟಿಯನ್ನು ಕಟ್ಟಿದ ಮೇಲಲ್ಲದೆ ಒಳಗೆ ಕಾಲಿಡಕೂಡದು. ಹಳೆಯ ಉಗಿಹಡಗುಗಳ ಕೊಳವೆಗಳಿಗೆ ಸುತ್ತಿದ್ದ ಆಸ್‌ಬೆಸ್ಟಾಸಿನ ಧೂಳು ಹಲವು ದಶಕಗಳ ತರುವಾಯ ಶ್ವಾಸಕೋಶದ ರೋಗವಾಗಿ ತಲೆಯೆತ್ತಿದುದು ಜಗತ್ತಿನ ಎಲ್ಲ ಡಾಕ್‌ಯಾರ್ಡುಗಳ ಕಹಿಯಾದ ಅನುಭವ. ‘ವಿಕ್ರಮಾದಿತ್ಯ’ದ ೨೦೧೨ರ ಪರೀಕ್ಷಾಯಾನದಲ್ಲಿ ಬಾಯ್ಲರುಗಳ ಒಳಹೊದಿಕೆ ಕೆಟ್ಟು ಹಡಗಿನ ಹಸ್ತಾಂತರ ಒಂದು ವರ್ಷ ಹಿಂದೆಬಿದ್ದಾಗ, ಆಸ್‌ಬೆಸ್ಟಾಸನ್ನು ಭಾರತ ಬೇಡವೆಂದುದರಿಂದ ಬಳಸಿದ ಇಟ್ಟಿಗೆ ತಾಳಲಿಲ್ಲವೆಂಬ ವಿವರಣೆ ಆಗ ವರದಿಯಾಗಿತ್ತು. ಆರೋಗ್ಯರಕ್ಷಣೆಗೂ ಯಂತ್ರರಕ್ಷಣೆಗೂ ನಡುವೆ ಹೊಸ ಹೊಂದಾಣಿಕೆಯನ್ನು ಹುಡುಕುವುದು ಎಷ್ಟು ಕಷ್ಟವೆಂಬುದಕ್ಕೆ ಇದೊಂದು ನಿದರ್ಶನ. ಅದೇ ಹಡಗು ೨೦೧೯ರ ಏಪ್ರಿಲಿನಲ್ಲಿ ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದಾಗ ಒಳಗೆ ಬೆಂಕಿ ಹೊತ್ತಿ, ಅದನ್ನಾರಿಸಲು ಮುಂದಾದ ಯುವ ಅಧಿಕಾರಿಯೊಬ್ಬರು ಪ್ರಾಣ ತೆತ್ತರು.

೬

ಇನ್ನು, ಈ ವಿದ್ಯೆಯ ಪೀಠಗಳು ಎಲ್ಲಿವೆಯೆಂಬುದನ್ನು ಗಮನಿಸಬೇಕು. ಏಕೆಂದರೆ ಲೇಖನದ ಆರಂಭದಲ್ಲಿ ಎತ್ತಿದ ಭಾವನೆಗೆ ಭೂಗೋಳವೇ ಉತ್ತರ ಹೇಳುತ್ತದೆ. ನೌಕಾಸೇನೆಯ ಯಂತ್ರವಿದ್ಯೆಯ ಮುಖ್ಯ ಶಾಲೆಯಾದ ‘ಶಿವಾಜಿ’ಯು ೧೯೪೫ರಿಂದಲೂ ಲೋಣಾವಳದಲ್ಲಿದೆ, ಎಂದರೆ ಸಹ್ಯಾದ್ರಿಯ ನೆತ್ತಿಯ ಮೇಲೆ. ಎಲ್‌ಎಂ-೨೫೦೦ ಯಂತ್ರಗಳನ್ನು ಜೋಡಿಸಿ, ಪರೀಕ್ಷಿಸಿ, ದುರಸ್ತಿಮಾಡುವ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಕೈಗಾರಿಕಾ ಹಾಗೂ ಸಾಗರ ಅನಿಲ ಟರ್ಬೈನು ವಿಭಾಗವು ೧೯೯೮ರಲ್ಲಿ ಸ್ಥಾಪಿತವಾದುದು ಬೆಂಗಳೂರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿ. ಹೊಸ ‘ವಿಕ್ರಾಂತ’ದ ನಾಲ್ಕು ಯಂತ್ರಗಳೂ ಅಲ್ಲಿ ಸಿದ್ಧವಾಗಿ ಕೊಚ್ಚಿಗೆ ಇಳಿದುವು. ‘ಕಾವೇರಿ’ ಎಂಬ ವಿಮಾನಯಂತ್ರದ ನೌಕಾರೂಪವನ್ನು ನಿರ್ಮಿಸಿದ ಅನಿಲ ಟರ್ಬೈನು ಸಂಶೋಧನಾಲಯವೂ ಬೆಂಗಳೂರಿನದೇ. ಆ ಯಂತ್ರ ವಿಶಾಖಪಟ್ಟಣದ ನೌಕಾ ಪರೀಕ್ಷಾಕೇಂದ್ರದಲ್ಲಿ ಸುಮಾರು ೧೨ ಮೆಗಾವಾಟ್ ಶಕ್ತಿಯನ್ನು ತೋರಿಸಿತು.

ಕಡಲಂಚಿನಲ್ಲಿರುವ ಕೇಂದ್ರಗಳಲ್ಲಿ ವಿಶಾಖಪಟ್ಟಣದ ‘ಏಕಶಿಲಾ’ ಮುಖ್ಯವಾದುದು. ಸೋವಿಯತ್ ಒಕ್ಕೂಟ ೧೯೯೧ರಲ್ಲಿ ಒಡೆದಾಗ ನಮ್ಮ ವಿನಾಶಕ ನೌಕೆಗಳ ಟರ್ಬೈನುಗಳನ್ನು ಮಾಡುತ್ತಿದ್ದ ಮಿಕೊಲಾಯಿವಿನ ಜೋರ್ಯಾ ಕಾರ್ಖಾನೆ ಉಕ್ರೇನಿನ ಪಾಲಾಯಿತು, ಹಡಗಿನ ಉಳಿದ ಭಾಗಗಳ ಕಾರ್ಖಾನೆಗಳು ರಷ್ಯದ ಪಾಲಾದುವು. ಬಿಡಿಭಾಗಕ್ಕಾಗಿಯೂ ದುರಸ್ತಿಗಾಗಿಯೂ ಯಂತ್ರಗಳನ್ನು ಸಾವಿರಾರು ಮೈಲಿ ಕಳುಹಿಸಿ ಕಾಯುವುದರ ಬದಲು ಇಲ್ಲಿಯೇ ಬಿಚ್ಚಿ ಕೂಡಿಸುವ ಸಾಮರ್ಥ್ಯವನ್ನು ಬೆಳೆಸಿಕೊಳ್ಳುವುದು ಅನಿವಾರ್ಯವಾಗಿತ್ತು. ೨೦೦೦ದಲ್ಲಿ ನೌಕಾ ಸಂಸ್ಥೆಯಾಗಿ ಸೇವೆಗೆ ಸೇರಿದ ಈ ಕೇಂದ್ರ ಅದನ್ನು ಸಾಧಿಸಿತು. ೨೦೨೨ರಲ್ಲಿ ಉಕ್ರೇನಿನ ಮೇಲೆ ಯುದ್ಧ ಎರಗಿದಾಗ ಆ ದೂರದೃಷ್ಟಿಯ ಬೆಲೆ ಎಲ್ಲರಿಗೂ ಮನವರಿಕೆಯಾಯಿತು. ಯಂತ್ರವನ್ನು ಕೊಳ್ಳುವುದು ಹಣವಿದ್ದವರಿಗೆ ಸಾಧ್ಯ. ಅದನ್ನು ತನ್ನ ನೆಲದಲ್ಲಿಯೇ ಬದುಕಿಸಿಕೊಳ್ಳುವುದು ಕುಶಲಕರ್ಮಿಗಳುಳ್ಳ ದೇಶಕ್ಕೆ ಮಾತ್ರ ಸಾಧ್ಯ.

ಕನ್ನಡನಾಡಿನ ಮಟ್ಟಿಗೆ ಕಾರವಾರವೇ ಕೇಂದ್ರ. ೧೯೮೬ರಲ್ಲಿ ಶಂಕುಸ್ಥಾಪನೆಯಾದ ‘ಸೀಬರ್ಡ್’ ಯೋಜನೆಯ ಫಲವಾಗಿ ೨೦೦೫ರಲ್ಲಿ ‘ಕದಂಬ’ ನೌಕಾನೆಲೆ ಸೇವೆಗೆ ಬಂತು. ಅಲ್ಲಿ ಹತ್ತು ಸಾವಿರ ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತುವ ವ್ಯವಸ್ಥೆಯೂ, 'ನೇವಲ್ ಶಿಪ್ ರಿಪೇರ್ ಯಾರ್ಡ್' ಎಂಬ ದುರಸ್ತಿ ಅಂಗಳವೂ ಇವೆ. ಈ ಅಂಗಳವು ಐ.ಟಿ.ಐ. ತೇರ್ಗಡೆಯಾದ ಫಿಟ್ಟರು, ಮಷಿನಿಸ್ಟು, ವೆಲ್ಡರು, ಪೈಪ್ ಫಿಟ್ಟರು ಮೊದಲಾದವರನ್ನು ೧೯೬೧ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ತರಬೇತಿಗೆ ಕರೆಯುತ್ತದೆ. ಈ ನೆಲೆಗಾಗಿ ಊರುಕೇರಿಗಳನ್ನೇ ಬಿಟ್ಟುಕೊಟ್ಟ ಕಾರವಾರ ಅಂಕೋಲೆಗಳ ಜನರಿಗೆ ಅಲ್ಲಿಯ ಉದ್ಯೋಗದಲ್ಲಿ ಮೊದಲ ಹಕ್ಕುಂಟೆಂಬುದನ್ನು, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಬಹುಭಾಗವನ್ನು ಒಪ್ಪಿಸಿದ ಬಾಗಲಕೋಟೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹಡಗುಗಳ ಸಂಖ್ಯೆಯೂ ನೆಲೆಯ ವಿಸ್ತಾರವೂ ಬೆಳೆಯುತ್ತಿರುವ ಈ ಕಾಲದಲ್ಲಿ ನುರಿತ ಕೈಗಳ ಬೇಡಿಕೆ ಒಂದು ಜಿಲ್ಲೆಯಿಂದ ತುಂಬತಕ್ಕದ್ದಲ್ಲ.

೭

ಹಾಗಾದರೆ ಬಾಗಲಕೋಟೆಯ ಸೀಮೆಯಲ್ಲಿ ಈ ವಿದ್ಯೆಗೆ ನೆಲವುಂಟೇ? ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿಗಳ ಕಡೆ ಕೃಷ್ಣೆ ಘಟಪ್ರಭೆಗಳ ನೀರು ಕಬ್ಬನ್ನು ಬೆಳೆಸಿತು, ಕಬ್ಬು ಸಕ್ಕರೆ ಕಾರ್ಖಾನೆಗಳನ್ನು ತಂದಿತು, ಕಾರ್ಖಾನೆಗಳು ಸಿಪ್ಪೆಯನ್ನು ಉರಿಸಿ ವಿದ್ಯುತ್ತನ್ನು ಉತ್ಪಾದಿಸುವುದಕ್ಕಾಗಿ ಉಗಿ ಟರ್ಬೈನುಗಳನ್ನು ನಿಲ್ಲಿಸಿದುವು. ಇಂತಹ ಕಾರ್ಖಾನೆಗಳಲ್ಲಿ ಈಗ ರೂಢಿಯಲ್ಲಿರುವುದು ಚದರ ಸೆಂಟಿಮೀಟರಿಗೆ ೬೭ ಅಥವಾ ೮೭ ಕಿಲೋಗ್ರಾಂ ಒತ್ತಡದ, ೪೮೫ರಿಂದ ೫೧೫ ಡಿಗ್ರಿ ಸೆಂಟಿಗ್ರೇಡ್ ತಾಪದ ಉಗಿ. ೧೯೭೨ರ ‘ನೀಲಗಿರಿ’ ಫ್ರಿಗೇಟಿನ ಉಗಿಯಾದರೋ ಸುಮಾರು ೩೮ ಕಿಲೋಗ್ರಾಂ ಒತ್ತಡದ್ದು, ೪೫೪ ಡಿಗ್ರಿಯದು. ಎಂದರೆ ಕಬ್ಬಿನ ಗದ್ದೆಗಳ ನಡುವೆ ಪಾಳಿಯ ಮೇಲೆ ನಿಂತಿರುವ ನಮ್ಮ ಟರ್ಬೈನು ಆಪರೇಟರನು ಒಂದು ಕಾಲದ ಯುದ್ಧನೌಕೆಯದಕ್ಕಿಂತ ಹೆಚ್ಚು ಉಗ್ರವಾದ ಉಗಿಯನ್ನು ಪ್ರತಿನಿತ್ಯ ಪಳಗಿಸುತ್ತಿದ್ದಾನೆ. ಸೀಸನ್ ಮುಗಿದು ಮಳೆಗಾಲದ ಬಿಡುವು ಬಂದಾಗ ಆ ಟರ್ಬೈನುಗಳ ಕವಚವನ್ನೂ ತೆರೆಯುತ್ತಾರೆ. ಅಲ್ಲಿಯೂ ಸೀಸದ ತಂತಿ, ಡಯಲ್ ಗೇಜು, ಬಿಳಿಲೋಹ, ಲವಣದ ಪೊರೆ, ಎಲ್ಲವೂ ಅವೇ.

ವ್ಯತ್ಯಾಸಗಳಿಲ್ಲವೆಂದಲ್ಲ. ಕಾರ್ಖಾನೆಯ ಟರ್ಬೈನು ಗಟ್ಟಿನೆಲದ ಮೇಲೆ ಒಂದೇ ವೇಗದಲ್ಲಿ ತಿಂಗಳುಗಟ್ಟಲೆ ತಿರುಗುತ್ತದೆ. ಹಡಗಿನದು ಹೊರಳುವ ಒಡಲಿನಲ್ಲಿ, ಗಳಿಗೆಗೊಂದು ವೇಗದಲ್ಲಿ, ಕೆಲವೊಮ್ಮೆ ಹಿಮ್ಮುಖವಾಗಿಯೂ ನಡೆಯಬೇಕು. ಕಾರ್ಖಾನೆಯಲ್ಲಿ ಯಂತ್ರದ ಸುತ್ತ ಓಡಾಡುವುದಕ್ಕೆ ಜಾಗವುಂಟು. ಹಡಗಿನಲ್ಲಿ ಮೈಯನ್ನು ಮಡಿಚಿ ಕೆಲಸ ಮಾಡಬೇಕು. ಅನಿಲ ಟರ್ಬೈನು ಜಿಲ್ಲೆಯ ಕಾರ್ಖಾನೆಗಳಿಗೆ ಅಪರಿಚಿತ. ಇವುಗಳಿಗಿಂತ ದೊಡ್ಡ ಅಂತರವೊಂದುಂಟು: ನಮ್ಮ ಅನೇಕ ಕಾರ್ಖಾನೆಗಳಲ್ಲಿ ದೊಡ್ಡ ಓವರ್‌ಹಾಲ್ ಎಂದರೆ ಯಂತ್ರ ಮಾಡಿದ ಕಂಪನಿಯ ಎಂಜಿನಿಯರರು ಹೊರಗಿನಿಂದ ಬಂದು ಮಾಡಿಹೋಗುವ ಕೆಲಸ, ಸ್ಥಳೀಯ ಫಿಟ್ಟರನು ಬೋಲ್ಟನ್ನು ಬಿಚ್ಚುತ್ತಾನೆ, ಬಿಗಿಯುತ್ತಾನೆ, ಅಳತೆಯ ಪುಸ್ತಕ ಅವನ ಕೈಗೆ ಬರುವುದಿಲ್ಲ. ಯಾವ ಅಂಕಿ ಏಕೆ ಮುಖ್ಯವೆಂಬ ಜ್ಞಾನವು ಅತಿಥಿಯೊಡನೆ ಬಂದು ಅತಿಥಿಯೊಡನೆಯೇ ಹೊರಟುಹೋಗುತ್ತದೆ.

ಅಳತೆಯ ಪ್ರಜ್ಞೆ ಈ ಸೀಮೆಗೆ ಹೊಸದೆಂದು ಹೇಳಲಾಗದು. ಮೆದುವಾದ ಕೆಂಪು ಮರಳುಗಲ್ಲಿನ ಬಂಡೆಯನ್ನೇ ಕೊರೆದು ಕಂಬ, ಬೋದಿಗೆ, ಛಾವಣಿಗಳನ್ನು ಸಾಲುತಪ್ಪದೆ ಬಿಡಿಸಿದ ಬಾದಾಮಿಯ ಶಿಲ್ಪಿಗಳನ್ನು ಬಿಟ್ಟರೂ, ಇಂದಿನ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳಲ್ಲಿ ಗಡುಸಾದ ಕಲ್ಲನ್ನು ಕೊಯ್ದು ಕನ್ನಡಿಯಂತೆ ನುಣುಪುಗೊಳಿಸುವವರಿದ್ದಾರೆ. ಜಗತ್ತಿನ ಅಳತೆಮನೆಗಳಲ್ಲಿ ಸಮತಲದ ಪ್ರಮಾಣವಾಗಿ ಇಟ್ಟಿರುವುದು ಗ್ರಾನೈಟಿನ ಹಾಸುಗಲ್ಲನ್ನೇ. ಆದರೆ ನೆಲಹಾಸಿನ ನುಣುಪಿಗೂ ಅಳತೆಗಲ್ಲಿನ ಸಮತೆಗೂ ನಡುವೆ ಇರುವ ದಾರಿ, ಅಳೆದು ತಿದ್ದಿ ಮತ್ತೆ ಅಳೆಯುವ ವಿದ್ಯೆಯ ದಾರಿ. ಅದನ್ನು ಕಲಿಸುವ ಏರ್ಪಾಡಿಲ್ಲದೆ ಕೈಚಳಕವೊಂದೇ ಮೇಲಿನ ಹಂತಕ್ಕೆ ಏರಲಾರದು. ಬಾಗಲಕೋಟೆಯಲ್ಲಿ ೧೯೦೬ರಿಂದ ವಿದ್ಯಾಪ್ರಸಾರದಲ್ಲಿ ತೊಡಗಿರುವ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವೂ, ಅದು ೧೯೬೩ರಲ್ಲಿ ತೆರೆದ ಎಂಜಿನಿಯರಿಂಗ್ ಕಾಲೇಜೂ ಇವೆ. ಜಿಲ್ಲೆಯಲ್ಲಿ ಸರಕಾರೀ ಐ.ಟಿ.ಐ.ಗಳಿವೆ. ಶಾಲೆಯೂ ಇದೆ, ಯಂತ್ರವೂ ಇದೆ. ಇವೆರಡಕ್ಕೂ ನಡುವಣ ಸೇತುವೆ ಇಲ್ಲ.

ಸಮವಸ್ತ್ರದ ಮಾರ್ಗವನ್ನು ಆರಿಸುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ೨೦೨೨ರ ಅಗ್ನಿಪಥ ಯೋಜನೆಯ ಮೇರೆಗೆ ನಾವಿಕನಾಗಿ ಸೇರುವವನ ಅವಧಿ ನಾಲ್ಕು ವರ್ಷ. ಅದರ ಕೊನೆಗೆ ನೂರಕ್ಕೆ ಇಪ್ಪತ್ತೈದರವರೆಗೆ ಮಾತ್ರ ಮುಂದುವರಿಯುತ್ತಾರೆ. ಟರ್ಬೈನಿನ ವಿವೇಚನೆ ಬಲಿಯುವುದಕ್ಕೆ ನಾಲ್ಕು ವರ್ಷ ಸಾಲದೆಂಬುದು ಮೇಲಿನ ವಿವರಣೆಯಿಂದಲೇ ಸ್ಪಷ್ಟ. ಆದರೆ ಆ ನಾಲ್ಕು ವರ್ಷ ಕಳೆದು ಊರಿಗೆ ಮರಳುವವನು ಬರಿಗೈಯಲ್ಲಿ ಬರುವುದಿಲ್ಲ. ಬೀಗ, ಕೆಂಪು ಚೀಟಿ, ಎಣಿಸಿ ಒಪ್ಪಿಸುವ ಹತ್ಯಾರ, ಅಳೆದೇ ಬರೆಯುವ ದಾಖಲೆ ಎಂಬ ಶಿಸ್ತನ್ನು ಹೊತ್ತು ತರುತ್ತಾನೆ. ಅಂತಹವನನ್ನು ಕಾವಲುಗಾರನನ್ನಾಗಿ ಗೇಟಿನಲ್ಲಿ ನಿಲ್ಲಿಸದೆ ಟರ್ಬೈನು ಹಾಲಿಗೆ ಕರೆದುಕೊಳ್ಳುವ ಬುದ್ಧಿ ನಮ್ಮ ಕಾರ್ಖಾನೆಗಳಿಗೆ ಬರಬೇಕು. ನಾಗರಿಕ ನೌಕರಿಯ ಮಾರ್ಗ, ಎಂದರೆ ಡಾಕ್‌ಯಾರ್ಡಿನ ಅಪ್ರೆಂಟಿಸಾಗಿ ಆರಂಭಿಸಿ ಕುಶಲಕರ್ಮಿಯ ಪರೀಕ್ಷೆಗೆ ಕೂಡುವ ಮಾರ್ಗ, ನಿಧಾನದ್ದಾದರೂ ದೀರ್ಘಾಭ್ಯಾಸಕ್ಕೆ ಎಡೆಗೊಡುವಂತಹುದು. ಕಸುಬನ್ನೇ ಬಾಳಾಗಿ ಬಯಸುವವನಿಗೆ ಅದೇ ಶ್ರೇಯಸ್ಕರವೆಂದು ತೋರುತ್ತದೆ.

ಈ ಸಮೀಕ್ಷೆಯಿಂದ ಹೊರಡುವ ನಿರ್ಣಯ ಇಷ್ಟು: ನೌಕಾ ಟರ್ಬೈನಿನ ಕಸುಬಿಗೆ ಬೇಕಾದುದು ಉಗಿ, ಉರಿ, ಲೋಹಗಳ ಅರಿವು, ಅಳತೆಯ ಶಿಸ್ತು, ದಾಖಲೆಯ ಸತ್ಯ, ಹಿರಿಯನ ಬಳಿ ಬಹುಕಾಲದ ಅಭ್ಯಾಸ, ಇವುಗಳಲ್ಲಿ ಯಾವುದೂ ಕರಾವಳಿಯ ಸ್ವತ್ತಲ್ಲ. ಬಾಗಲಕೋಟೆಯ ಸೀಮೆಗೆ ಇವುಗಳಲ್ಲಿ ಮೊದಲನೆಯದು ಕೈಗೆಟಕುವಲ್ಲಿದೆ. ಉಳಿದವನ್ನು ಬೆಳೆಸಲು ಹೊಸ ಕಾಲೇಜಾಗಲಿ ಕೋಟಿಗಟ್ಟಲೆ ಅನುದಾನವಾಗಲಿ ಬೇಕಿಲ್ಲ. ಸಕ್ಕರೆ ಕಾರ್ಖಾನೆಗಳು ತಮ್ಮ ಟರ್ಬೈನುಗಳ ಕವಚವನ್ನು ಎತ್ತುವ ವಾರಗಳಲ್ಲಿ ಐ.ಟಿ.ಐ. ವಿದ್ಯಾರ್ಥಿಗಳನ್ನು ಬಳಿಯಲ್ಲಿ ನಿಲ್ಲಿಸಿಕೊಂಡು, ಅಳತೆಯ ಪುಸ್ತಕವನ್ನು ಅವರ ಕೈಯಿಂದಲೇ ಬರೆಯಿಸುವುದು. ಬಿರುಕನ್ನು ಬಣ್ಣದ್ರವದಿಂದಲೂ ಶಬ್ದಾತೀತ ತರಂಗಗಳಿಂದಲೂ ಕಂಡುಹಿಡಿಯುವ ಪರೀಕ್ಷಾವಿಧಾನಗಳನ್ನು ಪಾಠಕ್ರಮದ ಅಂಚಿನಿಂದ ನಡುವಿಗೆ ತರುವುದು. ಕಾರವಾರದ ಅಪ್ರೆಂಟಿಸ್ ಪ್ರಕಟಣೆ ಹುನಗುಂದ, ಬಾದಾಮಿಗಳ ಫಲಕಗಳ ಮೇಲೂ ಸಕಾಲದಲ್ಲಿ ಬೀಳುವಂತೆ ನೋಡಿಕೊಳ್ಳುವುದು: ಈ ಮೂರೂ, ಜಿಲ್ಲೆಯೊಳಗಿನವರೇ ಮಾತಾಡಿಕೊಂಡು ಮಾಡಬಹುದಾದ ಕೆಲಸಗಳು. ಮುಂದಿನ ಸೀಸನ್ ಮುಗಿದು ಮೊದಲ ಟರ್ಬೈನಿನ ಕವಚ ಏಳುವ ಹೊತ್ತಿಗೆ ಇವುಗಳಲ್ಲಿ ಮೊದಲನೆಯದನ್ನಾದರೂ ಆರಂಭಿಸುವುದಕ್ಕೆ ಯಾವ ಅಡ್ಡಿಯೂ ಕಾಣದು.